ಚರ್ಮ ನಡೆಯಬೇಕಾದರೆ

ಮುಂದಿನ ಕೋಣೆಯ ಮೇಡಮ್ಮನನ್ನು ನೀವು ಇಷ್ಟು ಬೇಗ ಮರೆತಿರಲಾರಿರಿ. ಮೊಣಕಾಲಿನ ಗಾಯದ ಹಕ್ಕಳೆಯನ್ನು ನೀವು ಉಗುರಿನಿಂದ ಎಬ್ಬಿಸುತ್ತ ಕೂತರೆ, ಎಲ್ಲಿದ್ದರೂ ಬಂದು ಕೈ ಮೇಲೆ ಒಂದೇಟು ಹಾಕುತ್ತಿದ್ದವರು ಅವರೇ. "ಅದರ ಕೆಳಗ ಕೆಲಸ ನಡದೈತಿ. ಮ್ಯಾಗಿನ ಚಪ್ಪರ ಯಾಕ ಕೀಳ್ತಿ?" ಎನ್ನುತ್ತಿದ್ದರು. ಅವರು ತೀರಿಕೊಂಡಾಗ ನಿಮಗೆ ಪರೀಕ್ಷೆ ನಡೆಯುತ್ತಿತ್ತು. ಯಾರೂ ನಿಮಗೆ ಪೂರ್ತಿ ಹೇಳಲಿಲ್ಲ. ಮೊನ್ನೆ ದೊಡ್ಡವಳು ಫೋನಿನಲ್ಲಿ, "ಮೇಡಮ್ ಶುಗರಿಂದ ಹೋದರಂತೆ, ಹೌದಾ ಅಜ್ಜಿ?" ಎಂದು ಕೇಳಿದಳು. ಹೌದು ಎಂದು ಫೋನಿಟ್ಟೆ. ಯಾರಾದರೂ ಎದುರಿಗಿದ್ದರೆ, ಫೋನಿನ ಆ ಕಡೆ ಇದ್ದರೂ ಸರಿ, ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶುಗರ್ ಎಂಬುದು ಅರ್ಧ ಉತ್ತರ.

ಅವರ ಹೆಸರು ಬರೆಯುವುದಿಲ್ಲ. ಕಾಲೇಜಿನವರು ಅದನ್ನು ಆಳೆತ್ತರದ ಫ್ಲೆಕ್ಸಿನ ಮೇಲೆ ಬರೆಸಿದರಲ್ಲ, ಅಷ್ಟು ಸಾಕು.

ನಿಮ್ಮ ತಾತ ಹೋದ ಮೇಲೆ ಆದವಾನಿಯ ಈ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಬಿಟ್ಟೆವು. ಬಂದವರು ಇವರು. ಆಲೂರಿನ ಕಡೆಯ ಹಳ್ಳಿಯವರು, ಮದುವೆಯಾದವರಲ್ಲ, ಇಲ್ಲಿಯ ಒಂದು ಖಾಸಗಿ ಇಂಟರ್ ಕಾಲೇಜಿನಲ್ಲಿ ಜುವಾಲಜಿ ಪಾಠ ಹೇಳುತ್ತಿದ್ದರು. ತರಗತಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು, ಮನೆಗೆ ಬಂದು ಬಯ್ಯುವುದಕ್ಕೆ ಕನ್ನಡ. ಉದ್ದನೆಯ ಆಳು. ಬಲಗಡೆ ಭುಜದ ಮೇಲೆ ಯಾವಾಗಲೂ ಚಾಕ್‌ಪೀಸಿನ ಪುಡಿ. ಊಟವನ್ನೂ ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ ಮಾಡುವರು. ಕೂತುಕೊಳ್ಳಿ ಎಂದರೆ, "ಕುಂತ್ರ ನಿದ್ದಿ ಬರ್ತೈತ್ರಿ ಅಕ್ಕ, ನಿಂತ್ರ ಅನ್ನ ಸೀದಾ ಕೆಳಗ ಇಳೀತೈತಿ" ಎಂದು ನಗುವರು.

ಅವರ ಕಾಲೇಜಿನ ತರಗತಿಗಳಲ್ಲಿ ಪಾಠ ಹೇಳುವವರಿಗೆ ಕುರ್ಚಿ ಇಲ್ಲ. ಮೊದಲು ಇದ್ದುದನ್ನು ತೆಗೆಸಿದರಂತೆ. ಕುರ್ಚಿ ಇದ್ದರೆ ಕೂರುತ್ತಾರೆ, ಕೂತರೆ ಪಾಠ ಮಲಗುತ್ತದೆ ಎಂದು ಕಾಲೇಜು ನಡೆಸುವ ಕರೆಸ್ಪಾಂಡೆಂಟರ ಲೆಕ್ಕ. ಯಾರು ಗೋಡೆಗೆ ಒರಗಿದರು, ಯಾರು ಕಿಟಕಿಯ ಕಟ್ಟೆಯ ಮೇಲೆ ಕೂತರು ಎಂದು ನೋಡುವುದಕ್ಕೆ ಕ್ಯಾಮೆರಾ ಬೇರೆ. ಇದನ್ನು ಹೇಳುವಾಗ ಮೇಡಮ್ಮನಿಗೆ ಸಿಟ್ಟೇನೂ ಇರಲಿಲ್ಲ. ಜಂಬವೇ ಇತ್ತು. "ನನಗ ಕುರ್ಚಿ ಬೇಕಾಗೇ ಇಲ್ಲ. ಕುಂತು ಹೇಳಾಕ ಅದೇನು ಪುರಾಣೇನು?" ಎನ್ನುತ್ತಿದ್ದರು. ಆ ಮಾತನ್ನು ಅವರು ಎಲ್ಲರೆದುರಿಗೆ ಹೇಳಿಕೊಂಡು ಓಡಾಡದಿದ್ದರೆ ಚೆನ್ನಾಗಿತ್ತು.

ನಮಗೆ ಸ್ನೇಹವಾದದ್ದು ಜಗಳದಿಂದ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನಲ್ಲಿಗೆ ನಡೆದು ಹೋಗುವವರು ನಮ್ಮ ಬೀದಿಯಲ್ಲೇ ಹಾಯುತ್ತಾರಲ್ಲ. ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಬಿಸಿನೀರಿನಲ್ಲಿ ಕಾಲು ತೊಳೆದು, ಅಂಗಾಲಿನ ಗುಳ್ಳೆಗಳಿಗೆ ಸೂಜಿ ದಾರ ಹಾಯಿಸಿ ನೀರು ಇಳಿಸುವುದು ನಮ್ಮತ್ತೆಯ ಕಾಲದಿಂದ ಈ ಮನೆಯ ಸೇವೆ. ದಾರವನ್ನು ಗುಳ್ಳೆಯೊಳಗೇ ಬಿಟ್ಟು ತುದಿ ಕತ್ತರಿಸುತ್ತಿದ್ದೆವು. ಆ ವರ್ಷ ಮೇಡಮ್ಮ ಕಾಲೇಜಿಗೆ ಹೊರಟವರು ನನ್ನ ಹಿಂದೆ ನಿಂತರು.

"ದಾರ ಒಳಗ ಯಾಕ ಬಿಟ್ರಿ? ಬಾಗಿಲ ತೆಗದಿಟ್ಟು ಕಳ್ಳರನ್ನ ಕರಿಯೂದು ಅಂದ್ರ ಇದ."

ನಾನು ಹಿಡಿದಿದ್ದ ಕಾಲು ರಾಯಚೂರು ಕಡೆಯ ಒಬ್ಬ ಮುದುಕನದು. ಅವನೇ ಕೇಳಿದ, "ತಂಗಿ, ನೀ ಡಾಕ್ಟರೇನವ್ವ?"

"ಅಲ್ಲ, ಟೀಚರು."

"ಹಂಗಾದ್ರ ಬೈಯವ್ವ ಬೈಯಿ. ಅದಕ್ಕ ಸಂಬಳ ಕೊಡ್ತಾರ ನಿನಗ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮೇಡಮ್ಮನೂ ನಕ್ಕರು. ಆಮೇಲೆ ಇಸ್ತ್ರಿ ಮಾಡಿದ ಸೀರೆಯಲ್ಲೇ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಮುದುಕನ ಧೂಳು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುಳ್ಳೆಯ ಅಂಚಿಗೆ ಕಾಯಿಸಿದ ಸೂಜಿ ತಾಗಿಸಿ, ನೀರು ಒತ್ತಿ ತೆಗೆದು, ಆ ತೆಳು ಚರ್ಮವನ್ನು ಹಾಗೇ ಹಾಸಿ ಬಟ್ಟೆ ಕಟ್ಟಿದರು. "ಈ ಸತ್ತ ಚರ್ಮನೇ ಚಪ್ಪರ. ಇದರ ಕೆಳಗ ಹೊಸಾದು ನಡಕೋತ ಬರ್ತೈತಿ. ನೀವು ಮಲ್ಲಯ್ಯನ ಕಡೆ ನಡೀತೀರಿ, ಅದು ನಿಮ್ಮ ಕಡೆ ನಡೀತೈತಿ" ಎಂದು ಮುದುಕನಿಗೆ ಹೇಳಿದರು. ಆವತ್ತು ಅವರು ಕಾಲೇಜಿಗೆ ತಡವಾಗಿ ಹೋಗಿ ಅಲ್ಲಿ ಬೈಸಿಕೊಂಡರು.

ಚರ್ಮ ನಡೆಯುತ್ತದೆ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಒಂದು ಸಂಜೆ ಜೋಳ ಹಸನು ಮಾಡುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಮೊರದಲ್ಲಿ ಜೋಳವನ್ನು ಒತ್ತಾಗಿ ಹರಡಿ ನಡುವೆ ಬೆರಳಿನಿಂದ ಒಂದು ಗೀರು ಎಳೆದರು.

"ಈ ಕಾಳು ಹಿಂಗ ಇರ್ತಾವ. ನನ್ನ ತಟ್ಟ್ಯಾಗಿನವು ಇರ್ತಿದ್ದಿಲ್ಲ."

ಓದು ಮುಗಿಸಿದ ಮೇಲೆ ಕೆಲವು ಕಾಲ ಅವರು ದೊಡ್ಡ ಊರೊಂದರ ಪ್ರಯೋಗಾಲಯದಲ್ಲಿದ್ದರಂತೆ. ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು, ಹಾಸಿಗೆಯಂತೆ ಹಬ್ಬಿದ ಮೇಲೆ ನಡುವೆ ಗೀರು ಎಳೆಯುವುದು, ಎರಡೂ ಅಂಚಿನಿಂದ ಅವು ಹೇಗೆ ಬಂದು ಕೂಡುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇದು ಕೆಲಸ. "ಮುಂಜಾನಿ ಗೀರು ಎಳದು ಬಿಟ್ರ ಮರುದಿನಕ್ಕ ಗೀರೇ ಮಾಯ. ಕಣ್ಣಿಲ್ಲ, ಕಾಲಿಲ್ಲ, ಹ್ಯಾಂಗ ಬಂದ್ವು?"

"ಯಾರು ಹೇಳ್ತಾರ ಅವಕ್ಕ?" ಎಂದೆ.

"ನಿಮ್ಮ ತವರು ಕೋಸಗಿ ಮಂದಿ ಮೆಣಸಿನಕಾಯಿ ಬಿಡಸಾಕ ಗುಂಟೂರಿಗೆ ಹೋಗ್ತಾರಲ್ಲ, ಅವರಿಗೆ ಯಾರು ಹೇಳ್ತಾರ?"

"ಮೇಸ್ತ್ರಿ ಹೇಳಿ ಕಳಸ್ತಾನ."

"ಕಳಿಸಿದ ಮ್ಯಾಲ?"

"ಒಲಿ ಆರಿಸ್ತಾರ. ಹಾಸಿಗಿ ಸುತ್ತಿ ಗಂಟು ಕಟ್ತಾರ. ಎಮ್ಮಿ ಯಾರ ಮನ್ಯಾಗಾದ್ರೂ ಬಿಟ್ಟು, ಬೀಗ ಹಾಕಿ ಲಾರಿ ಹತ್ತತಾರ."

"ಇದೂ ಅಷ್ಟ ಅಕ್ಕ. ಗಾಯ ಆತು ಅಂತ ಸುದ್ದಿ ಹೊರಗಿಂದ ಬರ್ತೈತಿ. ಏನೇನು ಮಾಡಬೇಕು ಅನ್ನೋದು ಒಳಗ ಬರದೈತಿ."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ನಿಮ್ಮ ಪುಸ್ತಕ ನೋಡಿ ತಿದ್ದಿಕೊಳ್ಳಿ. ಮೈಯ ಪ್ರತಿಯೊಂದು ಜೀವಕೋಶದಲ್ಲೂ ಇಡೀ ಬರವಣಿಗೆ ಇರುತ್ತದೆ. ಕಣ್ಣು ಮಾಡುವುದು, ಕೂದಲು ಮಾಡುವುದು, ಎಲ್ಲ. ಅದರಲ್ಲಿನ ಒಂದೊಂದು ಪಾಠ ಒಂದೊಂದು ಜೀನ್. ಆದರೆ ಎಲ್ಲ ಕಡೆ ಎಲ್ಲವನ್ನೂ ಓದುವುದಿಲ್ಲ. ಚರ್ಮದ ಕೋಶ ತನಗೆ ಬೇಕಾದಷ್ಟನ್ನು ಬಿಚ್ಚಿಟ್ಟುಕೊಂಡು ಉಳಿದದ್ದಕ್ಕೆ ಗಂಟು ಹಾಕಿರುತ್ತದೆ. ಗಾಯವಾದ ಕೂಡಲೇ ಅಂಚಿನಲ್ಲಿರುವ ಕೋಶಗಳೊಳಗೆ ಕೆಲವು ಗಂಟು ಬಿಚ್ಚುತ್ತವೆ, ಬಿಚ್ಚಿದ್ದ ಕೆಲವು ಕಟ್ಟಿಕೊಳ್ಳುತ್ತವೆ. ಪಕ್ಕದವರ ಕೈ ಸಡಿಲ ಮಾಡು, ಪೂರ್ತಿ ಬಿಡಬೇಡ ಎನ್ನುವುದು ಒಂದು. ನೆಲಕ್ಕೆ ಹೊಡೆದ ಗೂಟ ಕಿತ್ತುಕೊ ಎನ್ನುವುದು ಇನ್ನೊಂದು. ಮುಂದೆ ಕಾಲು ಚಾಚು, ದಾರಿಗೆ ಅಡ್ಡ ಬಂದದ್ದನ್ನು ಕತ್ತರಿಸು ಎನ್ನುವುದು ಮತ್ತೊಂದು. ಹಿಂದಿರುವ ಕೋಶಗಳಿಗೆ ಬೇರೆ ಕೆಲಸ, ಅವು ಅಲ್ಲೇ ಇದ್ದು ಸಂತಾನ ಹೆಚ್ಚಿಸಬೇಕು. ಮುಂದೆ ಹೋದವು ಆ ಕಡೆಯಿಂದ ಬಂದವನ್ನು ಮುಟ್ಟಿದ ಮೇಲೆ ಬಿಚ್ಚಿದ್ದನ್ನೆಲ್ಲ ತಿರುಗಿ ಕಟ್ಟಬೇಕು. ಕಟ್ಟದಿದ್ದರೆ ಅದೇ ರೋಗ.

"ಜೀನ್ ಇರೂದು ದೊಡ್ಡ ಮಾತಲ್ಲ ಅಕ್ಕ. ಯಾವುದನ್ನ ಯಾವಾಗ ಬಿಚ್ಚಬೇಕು, ಯಾವಾಗ ಕಟ್ಟಬೇಕು, ಎಲ್ಲಾ ಅದರಾಗ ಐತಿ. ನಾವು ಒಂದೇ ಒಂದು ಜೀನಿನ ಬಾಯಿ ಕಟ್ಟಿ ನೋಡ್ತಿದ್ವಿ. ಗೀರಿನ ಅಂಚಿನ ತನಕ ಬರ್ತಿದ್ವು, ಅಲ್ಲೇ ನಿಲ್ತಿದ್ವು. ಸತ್ತಿರ್ತಿದ್ದಿಲ್ಲ. ಗಟ್ಟಿಮುಟ್ಟಾಗೇ ಇರ್ತಿದ್ವು. ಬರೇ ನಿಂತಿರ್ತಿದ್ವು."

ಹೀಗೆ ಹೇಳುವಾಗ ಅವರ ಮುಖ ನೀವು ಯಾರೂ ನೋಡದ ಮುಖ. ಆ ಪ್ರಯೋಗಾಲಯದ ಕೆಲಸ ನಿಂತುಹೋಯಿತು, ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ಬಂದರು, ಮತ್ತೆ ಹೋಗಲಿಲ್ಲ. ಆ ತಟ್ಟೆಯನ್ನು ವರ್ಷಕ್ಕೊಮ್ಮೆ ತರಗತಿಯ ಬೋರ್ಡಿನ ಮೇಲೆ ಬರೆದು ತೋರಿಸುವುದೇ ಅವರಿಗೆ ಉಳಿದದ್ದು. ಅದು ಪಠ್ಯದಲ್ಲಿ ಇಲ್ಲ ಎಂದು ಅದಕ್ಕೂ ಒಮ್ಮೆ ಬೈಸಿಕೊಂಡಿದ್ದರು.

ಅವರಿಗೆ ಶುಗರ್ ಇದ್ದದ್ದು ನಿಜ. ಅಂಗಾಲಿನ ಸ್ಪರ್ಶ ಹೋಗಿತ್ತು. ಒಂದು ದಿನ ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಹಿಂದೆಯೇ ಕಸ ಗುಡಿಸುತ್ತ ಬಂದ ನನಗೆ ಮೆಟ್ಟಿಲ ಮೇಲೆ ರಕ್ತದ ಕಲೆಗಳು ಕಂಡವು. ಗೋಡೆಗೆ ಚಾರ್ಟು ಚುಚ್ಚುವ ಪಿನ್ನೊಂದು ಚಪ್ಪಲಿ ತೂರಿ ಹೆಬ್ಬೆರಳಿನ ಬುಡದ ಕೆಳಗೆ ನೆಟ್ಟಿತ್ತು. ಬೆಳಿಗ್ಗೆಯಿಂದ ಅದರ ಮೇಲೆ ನಿಂತು ಪಾಠ ಹೇಳಿ ಬಂದಿದ್ದರು, ಗೊತ್ತಾಗಿರಲಿಲ್ಲ.

ಪಿನ್ನು ತೆಗೆದದ್ದಾಯಿತು, ಸೂಜಿಮದ್ದು ಆಯಿತು. ಗಾಯ ಮಾತ್ರ ಮುಚ್ಚಲಿಲ್ಲ, ಅಗಲವಾಯಿತು. ಡಾಕ್ಟರು ಒಂದೇ ಮಾತು ಹೇಳಿದರು: ಮುಚ್ಚುವ ತನಕ ಆ ಕಾಲಿನ ಮೇಲೆ ಭಾರ ಬಿಡಬಾರದು. ಅಂಗಾಲು ಅವರಿಗೆ ಕಾಣುವುದಿಲ್ಲವಾದ್ದರಿಂದ ಬಟ್ಟೆ ಕಟ್ಟುವ ಕೆಲಸ ನನ್ನದಾಯಿತು. ಗಾಯದ ಸುತ್ತ ಬೆಳ್ಳಗೆ ಗಡುಸಾದ ದಡ ಕಟ್ಟಿತ್ತು. ಹೇಗಿದೆ ಎಂದು ಕೇಳಿದರು, ಹೇಳಿದೆ.

"ಹೂಂ. ಹುಟ್ಟು ಅನ್ನೋ ಗಂಟು ಬಿಚ್ಚೇ ಐತಿ, ಹೊರಡು ಅನ್ನೋದು ಬಿಚ್ಚವಲ್ದು. ಅದಕ್ಕ ದಂಡಿಮ್ಯಾಲ ಗುಂಪು ಆಗ್ಯಾವ. ನಿಮ್ಮ ಮಂದಿ ಗಂಟು ಕಟ್ಕೊಂಡು ಊರ ಮುಂದ ಲಾರಿ ಕಾಯ್ತಾ ಕುಂತಂಗ." ಬಟ್ಟೆಯ ತುದಿ ನನ್ನ ಕೈಗೆ ಕೊಟ್ಟು ಅಂದರು, "ನಾ ನಿಂತಷ್ಟೂ ಅವು ಹೊರಡೂದಿಲ್ಲ. ಚರ್ಮ ನಡೀಬೇಕಂದ್ರ ನಾ ಕುಂದ್ರಬೇಕು."

ಅದು ನಿಜವೆಂದು ಇಬ್ಬರೂ ಕಣ್ಣಾರೆ ಕಂಡೆವು. ದಸರೆಗೆ ಕಾಲೇಜು ಮುಚ್ಚಿತು. ಡಾಕ್ಟರು ಆ ಗಡುಸು ದಡವನ್ನು ಕೆತ್ತಿ ತೆಗೆದರು. ಮೇಡಮ್ಮ ರಜೆಯೆಲ್ಲ ಮಂಚದ ಮೇಲೆ ಕಾಲು ದಿಂಬಿಗೇರಿಸಿ ಕೂತರು. ಗಾಯ ಒಣಗಲಿ ಎಂದು ಬಿಸಿಲಿಗೆ ಹಿಡಿಯೋಣವೇ ಎಂದಾಗ ನನ್ನನ್ನೂ ಬೈದರು, ಒಣನೆಲದ ಮೇಲೆ ಅವು ನಡೆಯಲಾರವಂತೆ, ತೇವ ಇರಬೇಕಂತೆ. ಹಾಗೇ ಕಟ್ಟಿದೆ. ರಜೆ ಅರ್ಧ ಕಳೆದಾಗ ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ, ಅಂಚಿನ ಒಳಗಡೆಗೆ ಈರುಳ್ಳಿಯ ಒಳಪೊರೆಯಂಥ ನಸುಗೆಂಪು ಚರ್ಮ ಬಂದಿತ್ತು. ದಿನದಿನಕ್ಕೆ ನಾಲ್ಕೂ ಕಡೆಯಿಂದ ಸರಿಯುತ್ತ ಬಂತು. ಕೊನೆಗೆ ನಡುವೆ ಜೋಳದ ಕಾಳಷ್ಟು ಜಾಗ ಉಳಿಯಿತು. ಅವರ ಫೋನಿನಲ್ಲೇ ಫೋಟೋ ತೆಗೆದು ತೋರಿಸಿದೆ. ತುಂಬ ಹೊತ್ತು ನೋಡಿದರು.

"ನೋಡ್ರಿ ಅಕ್ಕ," ಅಂದರು, "ತಟ್ಟ್ಯಾಗ ನೋಡಿದ್ದನ್ನ ನನ್ನ ಕಾಲಾಗ ನೋಡಿದೆ." ಆವತ್ತು ಅವರು ಕೂತು ಉಂಡರು.

ಆ ಕಾಳಷ್ಟು ಜಾಗ ಮುಚ್ಚಿ ಚರ್ಮ ಗಟ್ಟಿಯಾಗುವ ತನಕ ಕುರ್ಚಿ ಸಿಕ್ಕರೆ ಸಾಕಿತ್ತು. ಕಾಲೇಜು ತೆರೆಯುವ ದಿನ ಕೇಳುತ್ತೇನೆ ಎಂದು ಹೋದರು. ಸಂಜೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿ, ಕರೆಸ್ಪಾಂಡೆಂಟರ ದನಿಯಲ್ಲೇ ತೆಲುಗಿನಲ್ಲಿ ಹೇಳಿ ತೋರಿಸಿದರು: "ಮೀಕಿಸ್ತೇ ಅಂದರೂ ಅಡುಗುತಾರು ಕದಾ ಮೇಡಂ." ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು. ಕುರ್ಚಿಯೇ ಬೇಡ ಎನ್ನುತ್ತಿದ್ದ ನೀವೂ ಕೇಳುವುದೇ, ವಯಸ್ಸಾಯಿತೇ ಎಂದು ನಕ್ಕರಂತೆ. ಸ್ಟಾಫ್ ರೂಮಿನಲ್ಲಿ ಇದ್ದವರೂ ನಕ್ಕರಂತೆ.

"ನೀವೇನಂದ್ರಿ?"

"ಸುಮ್ಮನ ಚಾಷ್ಟಿಗೆ ಕೇಳಿದೆ ಸಾರ್ ಅಂದೆ."

"ಕಾಲು ತೋರಿಸಬೇಕಿತ್ತು ಮೇಡಮ್ಮ."

"ಕಾಲು ತೋರಿಸಿದ್ರ ಕುರ್ಚಿ ಕೊಡೂದಿಲ್ಲ ಅಕ್ಕ, ಮನಿಗೆ ಕಳಸ್ತಾರ."

ನಿಮ್ಮಪ್ಪನನ್ನು ಕರೆದುಕೊಂಡು ನಾನೇ ಹೋಗಿ ಹೇಳುತ್ತೇನೆ ಎಂದೆ. ಇಷ್ಟು ಧೈರ್ಯದ ಮಾತು ನನ್ನ ಬಾಯಿಂದ ಬಂದದ್ದು ಕಡಿಮೆ. ಅವರು ನನ್ನನ್ನು ದುರುಗುಟ್ಟಿ ನೋಡಿ, "ನೀವು ಬಂದ್ರ ನಾ ಕೋಣಿ ಖಾಲಿ ಮಾಡ್ತೀನಿ" ಎಂದರು. ಹಾಗಾದರೆ ಕೆಲಸ ಬಿಟ್ಟು ಈ ವರ್ಷ ಮನೆಯಲ್ಲೇ ಇರಿ ಎಂದೆ. "ಮನ್ಯಾಗ ಕುಂತ್ರ ಗಾಯ ಮಾಯ್ತೈತಿ. ನಾ ಮಾಯೂದಿಲ್ಲ" ಎಂದರು.

ಮಕ್ಕಳೇ, ನನಗೆ ಅವರ ಮೇಲೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಎಲ್ಲರೂ ಹೇಳುತ್ತಾರೆ, ಇದೆ. ಒಳಗಿನ ಯಾವ ಗಂಟು ಬಿಚ್ಚಬೇಕು, ಯಾವುದು ಕಟ್ಟಬೇಕು ಎಂದು ಲೋಕಕ್ಕೆ ಹೇಳಿದವರು ತಮ್ಮ ಬಾಯಿಯ ಗಂಟೊಂದನ್ನು ಬಿಚ್ಚಲಿಲ್ಲ.

ಆ ಸಂಜೆ ಬಟ್ಟೆ ಬಿಚ್ಚಿದಾಗ ಹೊಸ ಚರ್ಮ ಚೂರುಚೂರಾಗಿ ಬಟ್ಟೆಗೆ ಅಂಟಿ ಬಂತು. "ಹ್ಯಾಂಗೈತಿ?" ಎಂದು ಕೇಳಿದರು. ಬಟ್ಟೆಯನ್ನು ಮಡಚಿ ಬದಿಗಿಟ್ಟೆ. "ತಿಳೀತು ಬಿಡ್ರಿ" ಎಂದರು.

ಮುಂದಿನದು ಬೇಗ ನಡೆಯಿತು. ಅವರ ತರಗತಿಯನ್ನು ಮೇಲಂತಸ್ತಿಗೆ ಹಾಕಿದರು. ಗಾಯ ಒಳಗೊಳಗೇ ಎಲುಬಿಗೆ ಇಳಿಯಿತು. ಮೊದಲು ಹೆಬ್ಬೆರಳು ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಕರ್ನೂಲಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಮನೆಗೆ ಕರೆತಂದ ವಾರದಲ್ಲೇ ಕಾಲೇಜಿನವರು ಒಂದು ವ್ಯಾನಿನಲ್ಲಿ ಬಂದರು. ರಿಬ್ಬನ್ ಸುತ್ತಿದ ಚಕ್ರದ ಕುರ್ಚಿ ತಂದಿದ್ದರು. ಮೇಡಮ್ಮನನ್ನು ಅದರಲ್ಲಿ ಕೂರಿಸಿ, ಕರೆಸ್ಪಾಂಡೆಂಟರು ಹಿಂದೆ ನಿಂತು ಹಿಡಿಕೆ ಹಿಡಿದು, ಫೋಟೋ ತೆಗೆಸಿಕೊಂಡರು. ನಾನು ಒಳಗೆ ಟೀ ಸೋಸುತ್ತಿದ್ದೆ. ವ್ಯಾನು ಹೋದ ಮೇಲೆ ಮೇಡಮ್ಮ ಕೂಗಿದರು.

"ಅಕ್ಕ, ಬರ್ರಿ, ನೋಡ್ರಿ. ಕೇಳಿದ್ದು ಕೊಟ್ಟಾರ."

ನಕ್ಕರು. ನಾನು ನಗಲಿಲ್ಲ. ಆ ಕುರ್ಚಿಯಲ್ಲಿ ಅವರು ಮತ್ತೆ ಕೂರಲಿಲ್ಲ, ಮಂಚದ ಮೇಲೇ ಇದ್ದರು. ಬೇಸಿಗೆಯ ಹೊತ್ತಿಗೆ ಮೂತ್ರಪಿಂಡಗಳೂ ಸೋತವು. ಆ ವರ್ಷದ ಪಾದಯಾತ್ರೆಯವರು ನಮ್ಮ ಬೀದಿ ಹಾಯುತ್ತಿದ್ದಾಗ, ಅವರ ಹಾಡು ಕಿಟಕಿಯಲ್ಲಿ ಕೇಳುತ್ತಿದ್ದಾಗ ಹೋದರು. ನಾನು ಹೊರಗೆ ಯಾರದೋ ಕಾಲು ತೊಳೆಯುತ್ತಿದ್ದೆ.

ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟರು. ನಿಮ್ಮಪ್ಪ ಹೋಗೋಣ ಎಂದ, ಹೋದೆ. ಶಾಮಿಯಾನದ ಕೆಳಗೆ ಬಾಡಿಗೆ ತಂದ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಸಾಲು, ಅರ್ಧ ಖಾಲಿ. ಕರೆಸ್ಪಾಂಡೆಂಟರು ಮೈಕಿನಲ್ಲಿ ಮಾತಾಡಿದರು. ಮೇಡಂ ನಮ್ಮ ಕಾಲೇಜಿಗೆ ಆದರ್ಶ ಎಂದರು. ಒಂದು ದಿನವೂ ಕೂತು ಪಾಠ ಹೇಳಲಿಲ್ಲ, ಇಂದಿನ ಲೆಕ್ಚರರುಗಳು ಇದನ್ನು ಕಲಿಯಬೇಕು ಎಂದರು. ಕಲಿಯಬೇಕಾದವರು ಪಕ್ಕದ ಗೋಡೆಗುಂಟ ಸಾಲಾಗಿ ನಿಂತಿದ್ದರು.

ಆಮೇಲೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು ಎಂದರು. ಕುರ್ಚಿಗಳು ಸರಿದ ಸದ್ದಾಯಿತು. ಮಕ್ಕಳು, ಅವರ ತಂದೆತಾಯಿಗಳು, ಎಲ್ಲರೂ ನಿಂತರು. ನಾನು ಕೂತೇ ಇದ್ದೆ. ಅಷ್ಟು ಜನರ ನಡುವೆ ನಾನೊಬ್ಬಳೇ ಕೂತಿದ್ದೆ, ಕೈ ಎರಡೂ ಕುರ್ಚಿಯ ಹಿಡಿಕೆ ಹಿಡಿದಿದ್ದವು. ಎದುರಿನವರು ತಿರುಗಿ ನೋಡಿದರು. ಕರೆಸ್ಪಾಂಡೆಂಟರೂ ನೋಡಿದರು. ನಿಮ್ಮಪ್ಪ ಬಗ್ಗಿ, "ಅವ್ವಾ, ಏಳವ್ವ, ಎಲ್ಲಾರೂ ನೋಡಾಕತ್ಯಾರ" ಎಂದು ಪಿಸುಗುಟ್ಟಿದ. ನಾನು ತಲೆ ಎತ್ತಲಿಲ್ಲ.

ಆಟೋದಲ್ಲಿ ಬರುವಾಗ ಕೇಳಿದ, "ಮೊಣಕಾಲು ನೋಯಾಕತ್ತಿತ್ತೇನು?"

"ಇಲ್ಲಪ್ಪ" ಎಂದೆ, "ಚಲೋ ಅದಾವ."